ಮನೆ ಕಂದಾಯ ಕಟ್ಟುವವರು ಪುರಸಭೆಯ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ನಮ್ಮದು ಮೂವತ್ತು ಸಾವಿರ ಚಿಲ್ಲರೆ ಜನರಿರುವ ಪುರಸಭೆ ಊರು. ಪ್ರತಿ ವರ್ಷ ಏಪ್ರಿಲ್‌ನಲ್ಲೇ ಕಂದಾಯ ಕಟ್ಟುತ್ತೇವೆ. ನಮ್ಮ ಬೀದಿಯ ಚರಂಡಿ ಕೆಲಸ ಎರಡು ವರ್ಷದಲ್ಲಿ ಎರಡು ಸಲ ಆಯಿತು. ಈಗಲೂ ಮಳೆ ಬಂದರೆ ನೀರು ರಸ್ತೆಯ ಮೇಲೇ ಹರಿಯುತ್ತದೆ. ನಾವು ಹನ್ನೆರಡು ಜನ ಸೇರಿ ತೆರಿಗೆದಾರರ ವೇದಿಕೆ ಮಾಡಬೇಕೆಂದಿದ್ದೇವೆ. ನಿವೃತ್ತ ಮೇಷ್ಟ್ರುಗಳಿದ್ದಾರೆ, ಅಂಗಡಿಯವರಿದ್ದಾರೆ, ಒಬ್ಬರು ವಕೀಲರೂ ಇದ್ದಾರೆ. ಚರಂಡಿ ಸರಿಯಾಗುವವರೆಗೆ ಕಂದಾಯ ಕಟ್ಟುವುದೇ ಬೇಡ ಎಂದು ಕೆಲವರ ವಾದ. ನೀವೇನು ಹೇಳುತ್ತೀರಿ? ಎಲ್ಲಿಂದ ಶುರು ಮಾಡೋಣ? ನಮ್ಮಂಥವರಿಗೆ ಪುರಸಭೆಯ ಲೆಕ್ಕ ಅರ್ಥವಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಖಂಡಿತ ಅರ್ಥವಾಗುತ್ತದೆ. ನಾನು ಬಹಳ ವರ್ಷ ಸ್ಥಳೀಯ ಸಂಸ್ಥೆಗಳ ಆಡಿಟ್ ಕೆಲಸದಲ್ಲಿದ್ದವನು. ಪುರಸಭೆಯ ಲೆಕ್ಕ ಒಂದು ದೊಡ್ಡ ಕಿರಾಣಿ ಅಂಗಡಿಯ ಲೆಕ್ಕಕ್ಕಿಂತ ಕಷ್ಟದ್ದೇನಲ್ಲ. ಹೆಸರುಗಳು ಮಾತ್ರ ಉದ್ದ. ನಿಮ್ಮ ಗುಂಪಿನ ಅಂಗಡಿಯವರು ಒಂದು ಸಂಜೆ ಕೂತರೆ ಸಾಕು, ಜಮಾ ಯಾವುದು, ಖರ್ಚು ಯಾವುದು ಅಂತ ಬಿಡಿಸಿಬಿಡುತ್ತಾರೆ.

ಇನ್ನು ಕಂದಾಯ ಕಟ್ಟದಿರುವ ಮಾತು. ದಯವಿಟ್ಟು ಆ ದಾರಿ ಬೇಡ. ಏಪ್ರಿಲ್‌ನಲ್ಲಿ ಕಟ್ಟಿದರೆ ಸಿಗುವ ಶೇ. 5 ರಿಯಾಯಿತಿ ಹೋಗುತ್ತದೆ, ಆಮೇಲೆ ದಂಡ ಬೀಳುತ್ತದೆ. ಅದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆ ಇದೆ. ನೀವು ಲೆಕ್ಕ ಕೇಳಲು ಹೋದ ದಿನ ಎದುರಿಗಿರುವವರು ಮೊದಲು ತೆಗೆಯುವುದು ನಿಮ್ಮ ಬಾಕಿ ಪಟ್ಟಿಯನ್ನೇ. 'ನೀವೇ ಕಟ್ಟಿಲ್ಲ, ಏನು ಕೇಳ್ತೀರಿ' ಅಂದರೆ ಮಾತು ಅಲ್ಲಿಗೆ ಮುಗಿಯಿತು. ನಾನು ನೋಡಿದ ಮಟ್ಟಿಗೆ, ಕಟ್ಟಿದ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದವರ ಮಾತಿಗೆ ತೂಕ ಜಾಸ್ತಿ.

ಆ ರಸೀದಿಯನ್ನೇ ಒಮ್ಮೆ ಬಿಡಿಸಿ ನೋಡಿ. ಆಸ್ತಿ ತೆರಿಗೆಯ ಜೊತೆಗೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಇರುತ್ತವೆ. ಅಂದರೆ ಸಾವಿರ ರೂಪಾಯಿ ತೆರಿಗೆಗೆ ₹240 ಕರ. ಈ ಹಣವನ್ನು ಪುರಸಭೆ ವಸೂಲಿ ಮಾಡಿ ಸಂಬಂಧಪಟ್ಟ ಇಲಾಖೆಗಳಿಗೆ ದಾಟಿಸಬೇಕು. ನಿಮ್ಮ ಊರಿನ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಬಂದು ಎಷ್ಟು ದಿನವಾಯಿತು? ಕಳೆದ ಮೂರು ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಅದರಲ್ಲಿ ಗ್ರಂಥಾಲಯ ಇಲಾಖೆಗೆ ಎಷ್ಟು ಕಟ್ಟಿದ್ದೀರಿ ಎಂಬ ಎರಡೇ ಸಾಲಿನ ಪ್ರಶ್ನೆ ಬಹಳ ಕಡೆ ಕಚೇರಿಯನ್ನು ಎಚ್ಚರಿಸುತ್ತದೆ. ಇದರಲ್ಲಿ ಯಾರ ಮೇಲೂ ಆರೋಪವಿಲ್ಲ. ಹಾಗಾಗಿ ಉತ್ತರ ಕೊಡದಿರಲು ಕಾರಣವೂ ಸಿಗುವುದಿಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಪತ್ರದಲ್ಲಿ ನಿಮ್ಮನ್ನು ನೀವು ತೆರಿಗೆದಾರರು ಎಂದು ಕರೆದುಕೊಂಡಿದ್ದೀರಿ. ಆ ಪದದೊಳಗೆ ಯಾರ್‍ಯಾರು ಬರುತ್ತಾರೆ ಅಂತ ಮೊದಲು ಕೂತು ಯೋಚಿಸಿ. ಸಣ್ಣ ಊರುಗಳ ಪುರಸಭೆ ನಡೆಯುವುದು ಮನೆ ಕಂದಾಯದ ಮೇಲಲ್ಲ. ಹೆಚ್ಚಿನ ಹಣ ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ ಅಂತ ಮೇಲಿನಿಂದ ಬರುತ್ತದೆ. ಅದು ಸೋಪು, ಬಿಸ್ಕತ್ತು, ಪೆಟ್ರೋಲು ಕೊಂಡ ಎಲ್ಲರ ತೆರಿಗೆ. ಸಂತೆಯಲ್ಲಿ ಸೊಪ್ಪು ಹರಡಿ ಕೂರುವ ಅಜ್ಜಿ ಸುಂಕ ಕೊಡುತ್ತಾಳೆ. ಬಾಡಿಗೆ ಮನೆಯವರು ಬಾಡಿಗೆಯಲ್ಲೇ ಮಾಲೀಕರ ಕಂದಾಯ ತುಂಬುತ್ತಾರೆ. ಇವರೆಲ್ಲ ನಿಮ್ಮ ಹನ್ನೆರಡು ಜನರಲ್ಲಿ ಇದ್ದಾರೆಯೇ?

ಇದನ್ನು ಸುಮ್ನೆ ಒಳ್ಳೆಯ ಮಾತಿಗೆ ಹೇಳುತ್ತಿಲ್ಲ. ಪುರಸಭೆ ಬಜೆಟ್ ತೆರೆದರೆ ಶೇ. 24.10, ಶೇ. 7.25, ಶೇ. 5 ಎಂಬ ಮೂರು ಅಂಕಿ ಕಾಣುತ್ತವೆ. ಮೊದಲನೆಯದು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಎರಡನೆಯದು ಇತರ ಬಡವರಿಗೆ, ಮೂರನೆಯದು ಅಂಗವಿಕಲರಿಗೆ ಎಂದು ಮೀಸಲಿಡುವ ಹಣ. ವರ್ಷದ ಕೊನೆಗೆ ಅದು ಖರ್ಚಾಯಿತೇ, ಆದರೆ ಎಲ್ಲಿ, ಕಾಲೊನಿಯ ಹೆಸರಿನಲ್ಲಿ ಮಾಡಿದ ರಸ್ತೆ ನಿಜಕ್ಕೂ ಕಾಲೊನಿಯಲ್ಲೇ ಇದೆಯೇ? ಪೇಟೆ ಬೀದಿಯ ಸ್ವಂತ ಮನೆಯವರಷ್ಟೇ ಸೇರಿದ ಗುಂಪಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಕಾಲೊನಿಯವರು ನಿಮ್ಮ ಜೊತೆ ಕೂತಿದ್ದರೆ ಮೊದಲ ಸಭೆಯಲ್ಲೇ ಬರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಎಲ್ಲಿಂದ ಶುರು ಮಾಡುವುದು?

ಇಡೀ ಪುರಸಭೆಯ ಐದು ವರ್ಷದ ಲೆಕ್ಕ ಕೊಡಿ ಅಂತ ಅರ್ಜಿ ಹಾಕಬೇಡಿ. ಹೊಸ ಗುಂಪುಗಳು ಸಾಮಾನ್ಯವಾಗಿ ಎಡವುವುದು ಅಲ್ಲೇ. ಒಂದೋ ಕೊಡುವುದಿಲ್ಲ, ಕೊಟ್ಟರೆ ಎರಡು ಮೂಟೆ ಕಾಗದ ಕೊಡುತ್ತಾರೆ. ಮೂಟೆ ಯಾರದೋ ಮನೆಯ ಅಟ್ಟ ಸೇರುತ್ತದೆ, ಗುಂಪು ಕರಗುತ್ತದೆ. ಅದರ ಬದಲು ಒಂದೇ ಒಂದು ಕಾಮಗಾರಿ ಹಿಡಿಯಿರಿ. ನಿಮ್ಮ ಚರಂಡಿಯೇ ಆಗಲಿ. ಅದನ್ನು ಮೊದಲಿನಿಂದ ಕೊನೆಯ ರೂಪಾಯಿಯವರೆಗೆ ಹಿಂಬಾಲಿಸಿ. ಒಂದು ಚರಂಡಿ ಪೂರ್ತಿ ಅರ್ಥವಾದರೆ ಪುರಸಭೆಯೇ ಮುಕ್ಕಾಲು ಪಾಲು ಅರ್ಥವಾದಂತೆ.

ಒಂದು ಕಾಮಗಾರಿ ಹೇಗೆ ಸಾಗುತ್ತದೆ ಅಂತ ಹೇಳುತ್ತೇನೆ. ಬಜೆಟ್‌ನಲ್ಲಿ ಅಥವಾ ಅನುದಾನದ ಕ್ರಿಯಾ ಯೋಜನೆಯಲ್ಲಿ ಅದರ ಹೆಸರು ಸೇರುತ್ತದೆ. ಜೂನಿಯರ್ ಎಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ. ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಆಗುತ್ತದೆ. ಟೆಂಡರ್ ಕರೆಯುತ್ತಾರೆ. ಕಂಟ್ರಾಕ್ಟರಿಗೆ ಕಾರ್ಯಾದೇಶ ಹೋಗುತ್ತದೆ. ಕೆಲಸ ನಡೆದಂತೆ ಎಂಜಿನಿಯರ್ ಅಳತೆ ತೆಗೆದು ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಇದನ್ನೇ ಎಲ್ಲರೂ ಎಂ.ಬಿ. ಅನ್ನುವುದು. ಎಂ.ಬಿ. ಆಧಾರದ ಮೇಲೆ ಬಿಲ್ಲು, ಬಿಲ್ಲಿನ ಮೇಲೆ ಪಾವತಿ. ಕೊನೆಗೆ ಕಂಟ್ರಾಕ್ಟರು ಇಟ್ಟ ಠೇವಣಿ ವಾಪಸು. ಅದಕ್ಕೂ ಮುಂಚೆ ದೋಷ ಹೊಣೆಗಾರಿಕೆ ಅವಧಿ ಅಂತ ಒಂದಿದೆ. ಆ ಅವಧಿಯೊಳಗೆ ಚರಂಡಿ ಒಡೆದರೆ ಅದೇ ಕಂಟ್ರಾಕ್ಟರು ತಮ್ಮ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ನಿಮ್ಮ ಚರಂಡಿ ಎರಡು ವರ್ಷದಲ್ಲಿ ಎರಡು ಸಲ ಆಯಿತು ಅಂದಿರಿ. ಎರಡನೇ ಸಲ ಹಣ ಯಾಕೆ ಕೊಟ್ಟರು, ಮೊದಲ ಕೆಲಸದ ಹೊಣೆಗಾರಿಕೆ ಅವಧಿ ಯಾವಾಗ ಮುಗಿದಿತ್ತು? ನಿಮ್ಮ ಪತ್ರ ಓದಿದ ಕೂಡಲೇ ನನ್ನ ಮನಸ್ಸಿಗೆ ಬಂದ ಪ್ರಶ್ನೆ ಇದು.

ಈ ಕಾಗದಗಳಲ್ಲೆಲ್ಲ ಎಂ.ಬಿ.ಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಉಳಿದವೆಲ್ಲ ಆಗಬೇಕಾದದ್ದನ್ನು ಹೇಳುತ್ತವೆ. ಎಂ.ಬಿ. ಆಗಿದೆ ಅನ್ನುತ್ತದೆ, ಎಂಜಿನಿಯರ್ ಸಹಿ ಹಾಕಿ ಅನ್ನುತ್ತದೆ. ಉದ್ದ ಇಷ್ಟು, ಅಗಲ ಇಷ್ಟು, ಆಳ ಇಷ್ಟು, ಸ್ಲ್ಯಾಬ್ ಇಷ್ಟು. ಈ ಸಾಲುಗಳನ್ನು ಬೀದಿಗೆ ತಂದು ಟೇಪು ಹಿಡಿದು ನೋಡಬಹುದು. ಬೇರೆ ಯಾವ ಕಾಗದಕ್ಕೂ ಈ ಗುಣವಿಲ್ಲ.

ನಿವೃತ್ತನಾದ ಮೇಲೆ ಒಂದು ಊರಿನ ಗುಂಪಿನ ಜೊತೆ ಹೀಗೆ ಟೇಪು ಹಿಡಿದಿದ್ದೇನೆ. ಊರಿನ ಹೆಸರು ಬೇಡ. ಭಾನುವಾರ ಬೆಳಿಗ್ಗೆ ಏಳೂವರೆ. ಇಬ್ಬರು ಮೇಷ್ಟ್ರು, ಒಬ್ಬ ದರ್ಜಿ, ಕಾಲೇಜು ಓದುವ ಹುಡುಗಿ ಒಬ್ಬಳು. ಮೂವತ್ತು ಮೀಟರಿನ ಟೇಪು. ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು, ದರ್ಜಿ ಪ್ರತಿ ಮೂವತ್ತು ಮೀಟರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಅಳತೆಯಲ್ಲಿ ಅವರಷ್ಟು ಖಚಿತ ಬೇರೆ ಯಾರೂ ಇರಲಿಲ್ಲ. ಎಂ.ಬಿ.ಯಲ್ಲಿ ಚರಂಡಿಯ ಉದ್ದ 212 ಮೀಟರ್ ಇತ್ತು. ನಮ್ಮ ಟೇಪಿಗೆ ಸಿಕ್ಕಿದ್ದು 168. ಮತ್ತೊಮ್ಮೆ ಇನ್ನೊಂದು ತುದಿಯಿಂದ ಅಳೆದೆವು. 168 ಮೀಟರೇ.

44 ಮೀಟರ್ ಕಮ್ಮಿ! ಮೇಷ್ಟ್ರೊಬ್ಬರು ಆಗಲೇ ಪತ್ರಿಕೆಯವರಿಗೆ ಫೋನು ತೆಗೆದರು. ನಾನು ಕೈಮುಗಿದು ತಡೆದೆ. ಸೋಮವಾರ ಕಚೇರಿಗೆ ಹೋಗಿ ಎಂಜಿನಿಯರ ಮುಂದೆ ನೋಟ್‌ಬುಕ್ ಇಟ್ಟೆವು. ಅವರು ನಕ್ಷೆ ಬಿಡಿಸಿ ತೋರಿಸಿದರು. ಪಕ್ಕದ ಓಣಿಗೆ ತಿರುಗುವ 26 ಮೀಟರ್ ಚರಂಡಿಯೂ ಅದೇ ಅಂದಾಜಿನಲ್ಲಿತ್ತು. ನಾವು ಆ ಓಣಿಯೊಳಗೆ ಕಾಲೇ ಇಟ್ಟಿರಲಿಲ್ಲ. ಹೋಗಿ ಅಳೆದೆವು, ಸರಿಯಿತ್ತು. ಉಳಿದದ್ದು 18 ಮೀಟರ್. ಅದಕ್ಕೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ. ಮೀಟರಿಗೆ ₹2,900ರ ದರದಲ್ಲಿ ₹52,200. ನಾವು ಲಿಖಿತವಾಗಿ ಕೊಟ್ಟ ಮೇಲೆ ಕೊನೆಯ ಬಿಲ್ಲಿನಲ್ಲಿ ಆ ಮೊತ್ತ ಕಡಿತವಾಯಿತು. ಭಾನುವಾರವೇ ಪತ್ರಿಕೆಗೆ ಹೋಗಿದ್ದರೆ 44 ಮೀಟರ್ ಎಂದು ಅಚ್ಚಾಗುತ್ತಿತ್ತು, ಮಾರನೇ ದಿನ ಓಣಿಯ ಫೋಟೊ ಹಾಕಿ ನಮ್ಮನ್ನು ಸುಳ್ಳುಗಾರರು ಎನ್ನುತ್ತಿದ್ದರು. ನಿಜವಾದ 18 ಮೀಟರೂ ಅದರೊಳಗೆ ಮುಚ್ಚಿಹೋಗುತ್ತಿತ್ತು.

ಹಾಗಾಗಿ ಅಳೆಯಿರಿ, ಮತ್ತೆ ಅಳೆಯಿರಿ, ಆಮೇಲೆ ಕಚೇರಿಯವರ ಬಾಯಿಂದ ಕೇಳಿ. ಪತ್ರಿಕೆಗೆ ಹೋಗುವುದು ಅದೆಲ್ಲ ಆದ ಮೇಲೆ. ಎಂಜಿನಿಯರುಗಳಲ್ಲೂ ಒಳ್ಳೆಯವರಿದ್ದಾರೆ. ಇಲ್ಲದ ಅಳತೆಗೆ ಸಹಿ ಹಾಕುವ ಒತ್ತಡ ಅವರ ಮೇಲೂ ಇರುತ್ತದೆ. 'ಜನ ಟೇಪು ಹಿಡಿದು ಬರುತ್ತಾರೆ ಸಾರ್, ಆಗೋದಿಲ್ಲ' ಎಂದು ಹೇಳಲು ಅವರಿಗೂ ಒಂದು ಕಾರಣ ಸಿಗುತ್ತದೆ. ಈ ಮಾತನ್ನು ಒಬ್ಬರು ಎಂಜಿನಿಯರೇ ನನಗೆ ಹೇಳಿದ್ದು.

ಚರಂಡಿಗಿಂತ ಕಾಂಕ್ರೀಟ್ ರಸ್ತೆ ಕಷ್ಟ. ಉದ್ದ, ಅಗಲ ಯಾರಾದರೂ ಅಳೆಯಬಹುದು, ದಪ್ಪ ನೆಲದೊಳಗಿರುತ್ತದೆ. ಅದಕ್ಕೊಂದು ಸಮಯವಿದೆ. ಕಾಂಕ್ರೀಟ್ ಹಾಕಿ ಶೀಟು ಬಿಚ್ಚಿದ ಮೇಲೆ, ಬದಿಗೆ ಮಣ್ಣು ತುಂಬುವ ಮುಂಚೆ ಎರಡು ಮೂರು ದಿನ ಅಂಚು ಬರಿಗಣ್ಣಿಗೆ ಕಾಣುತ್ತದೆ. ಆಗ ಸ್ಕೇಲು ಇಟ್ಟು ನಾಲ್ಕೈದು ಕಡೆ ಫೋಟೊ ತೆಗೆಯಿರಿ. ಮಣ್ಣು ಮುಚ್ಚಿದ ಮೇಲೆ ಕೋರ್, ಅಂದರೆ ಯಂತ್ರದಿಂದ ಕೊರೆದ ಕಾಂಕ್ರೀಟ್ ತುಂಡು, ತೆಗೆದೇ ನೋಡಬೇಕು, ಅದು ನಿಮ್ಮ ಕೈಯಲ್ಲಿಲ್ಲ. ಕೆಲಸ ನಡೆಯುವ ಬೀದಿಯಲ್ಲಿ ಮನೆ ಇರುವವರೇ ಇದಕ್ಕೆ ಸರಿ. ಬೆಳಿಗ್ಗೆ ಹಾಲು ತರಲು ಹೋಗುವಾಗ ಆಗುವ ಕೆಲಸ.

ಕಾಗದ ಪಡೆಯಲು ಮಾಹಿತಿ ಹಕ್ಕು ಕಾಯ್ದೆ ಇದೆ, ನಿಮಗೆ ಗೊತ್ತೇ ಇರುತ್ತದೆ. ಆದರೂ ಎರಡು ಮೂರು ವಿಷಯ ಹೇಳುತ್ತೇನೆ, ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. ಕರ್ನಾಟಕದಲ್ಲಿ 2008ರ ತಿದ್ದುಪಡಿ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ ₹10. ಅರ್ಜಿ ಒಬ್ಬ ನಾಗರಿಕರ ಹೆಸರಿನಲ್ಲಿರಲಿ, ವೇದಿಕೆಯ ಲೆಟರ್‌ಹೆಡ್ ಬೇಡ. ಹಕ್ಕಿರುವುದು ನಾಗರಿಕರಿಗೆ. 'ಚರಂಡಿ ಯಾಕೆ ಕಳಪೆಯಾಗಿದೆ' ಎಂದು ಕೇಳಿದರೆ ಉತ್ತರ ಬರುವುದಿಲ್ಲ. ದಾಖಲೆಯಲ್ಲಿ ಇರುವುದನ್ನಷ್ಟೇ ಅವರು ಕೊಡಬೇಕಾದ್ದು. ಹೀಗೆ ಬರೆಯಿರಿ: 'ಇಷ್ಟನೇ ಸಾಲಿನಲ್ಲಿ ಇಷ್ಟನೇ ವಾರ್ಡಿನ ಇಂಥ ರಸ್ತೆಯ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ನಕಲು ಕೊಡಿ.' ಇಷ್ಟೇ ಸಾಕು.

30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ ₹250ರಂತೆ ₹25,000ದವರೆಗೆ ದಂಡ ಹಾಕಬಹುದು. ಆಯೋಗದ ಮುಂದೆ ಸರದಿ ಬರಲು ಬಹಳ ಕಾಲ ಕಾಯಬೇಕಾಗಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ನಕಲು ಕೇಳುವುದರ ಜೊತೆಗೆ ಕಡತವನ್ನು ಕಚೇರಿಯಲ್ಲೇ ಕೂತು ನೋಡುವ ಹಕ್ಕೂ ಇದೆ. ನಡೆಯುತ್ತಿರುವ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕನ್ನೂ ಕಾಯ್ದೆಯ ಸೆಕ್ಷನ್ 2(ಜೆ) ಕೊಡುತ್ತದೆ. ಇದನ್ನು ಬಳಸಿದವರು ಬಹಳ ಕಮ್ಮಿ. ಕಡತ ನೋಡುವುದೇ ನನ್ನ ಆಯ್ಕೆ. ಹಾಳೆ ಮಗುಚುವಾಗ ನೀವು ಕೇಳದ ಸಂಗತಿಯೂ ಕಣ್ಣಿಗೆ ಬೀಳುತ್ತದೆ.

ಈ ಕಾಯ್ದೆ ಹೇಗೆ ಬಂತು ಅಂತ ನಿಮ್ಮ ಗುಂಪಿನವರಿಗೆ ಹೇಳಿ. ಬೇರು ಇರುವುದು ರಾಜಸ್ಥಾನದ ಹಳ್ಳಿಗಳಲ್ಲಿ. 1990ರಲ್ಲಿ ಅಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಶುರುವಾಯಿತು. ಬರ ಪರಿಹಾರದ ಕೆಲಸ ಮಾಡಿದ ಕೂಲಿಗಳಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಲೆಕ್ಕ ತೋರಿಸಿ ಅಂದರೆ ಅದು ಸರ್ಕಾರಿ ಗುಟ್ಟು ಅನ್ನುತ್ತಿದ್ದರು. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಎಂಬಲ್ಲಿ ಮೊದಲ ಜನಸುನ್ವಾಯಿ, ಅಂದರೆ ಬಹಿರಂಗ ವಿಚಾರಣೆ, ನಡೆಯಿತು. ಸಿಕ್ಕ ದಾಖಲೆಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಿದರು. ಹಾಜರಿ ಪಟ್ಟಿಯಲ್ಲಿ ಹೆಸರಿದ್ದವರು ಎದ್ದು ನಿಂತು ನಾನು ಆ ಕೆಲಸಕ್ಕೆ ಹೋಗೇ ಇಲ್ಲ ಎಂದರು. ಅಕ್ಷರ ಬಾರದ ಹೆಂಗಸರು ಲೆಕ್ಕ ತಪಾಸಣೆ ಮಾಡಿದ್ದು ಹೀಗೆ. 'ಹಮಾರಾ ಪೈಸಾ, ಹಮಾರಾ ಹಿಸಾಬ್' ಎಂಬ ಕೂಗು ಅಲ್ಲಿಂದ ಬಂತು. ನಮ್ಮ ದುಡ್ಡು, ನಮಗೆ ಲೆಕ್ಕ. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ದೇಶಕ್ಕೆ ಕಾಯ್ದೆ ಬಂದದ್ದು 2005ರಲ್ಲಿ.

ನಮ್ಮಲ್ಲೂ ದೊಡ್ಡ ಪ್ರಯತ್ನ ಆಗಿದೆ. 2002ರಲ್ಲಿ ಬೆಂಗಳೂರಿನಲ್ಲಿ ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್, ಅಕ್ಷರ ಫೌಂಡೇಷನ್, ವಾಯ್ಸಸ್ ಎಂಬ ನಾಲ್ಕು ಸಂಸ್ಥೆಗಳು ಸೇರಿ 'ಪ್ರೂಫ್' ಎಂಬ ಅಭಿಯಾನ ನಡೆಸಿದವು. ಕಂಪನಿಗಳು ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸುವ ಹಾಗೆ ಮಹಾನಗರ ಪಾಲಿಕೆಯೂ ಜನರಿಗೆ ಒಪ್ಪಿಸಬೇಕು ಎಂಬುದು ಅವರ ಬೇಡಿಕೆ. ಪಾಲಿಕೆ ಒಪ್ಪಿತು, ಅಂಕಿಗಳನ್ನು ಬಹಿರಂಗ ಸಭೆಯಲ್ಲಿ ಇಟ್ಟಿತು. ಅದು ಸಾಧ್ಯವಾದದ್ದಕ್ಕೆ ಒಂದು ಕಾರಣ, ಅದಕ್ಕೂ ಮುಂಚೆ ಪಾಲಿಕೆಯ ಲೆಕ್ಕ ಬರೆಯುವ ಪದ್ಧತಿಯನ್ನೇ ಸುಧಾರಿಸಿದ್ದರು. ಲೆಕ್ಕವೇ ಸರಿಯಾಗಿ ಬರೆಯದಿದ್ದರೆ ಕೇಳಿ ಏನು ಪ್ರಯೋಜನ, ಅಲ್ವಾ? ಈಗ ರಾಜ್ಯದ ಪುರಸಭೆಗಳಿಗೆಲ್ಲ 2006ರ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳಿವೆ. ಆ ನಿಯಮದಂತೆ ಜಮಾ ಖರ್ಚಿನ ಜೊತೆಗೆ ಆಸ್ತಿ, ಸಾಲದ ಪಟ್ಟಿಯೂ ಇರಬೇಕು. ನಿಮ್ಮ ಪುರಸಭೆಯ ಕಳೆದ ವರ್ಷದ ಹಣಕಾಸು ತಖ್ತೆ ಕೇಳಿ ಪಡೆಯಿರಿ.

ಅಮೆರಿಕದ ಒಂದು ಸಣ್ಣ ಊರಿನ ಕತೆಯನ್ನೂ ಹೇಳಬೇಕು. ಆ ಊರು ನಿಮ್ಮ ಊರಿನಷ್ಟೇ ದೊಡ್ಡದು. ಕ್ಯಾಲಿಫೋರ್ನಿಯಾದ ಬೆಲ್, ಜನಸಂಖ್ಯೆ ಸುಮಾರು 35,000, ಬಹುತೇಕ ಕೂಲಿ ಕೆಲಸದವರು. ಅಲ್ಲಿಯ ನಗರ ಆಡಳಿತಾಧಿಕಾರಿ ವರ್ಷಕ್ಕೆ ಸುಮಾರು 7,87,000 ಡಾಲರ್ ಸಂಬಳ ತೆಗೆದುಕೊಳ್ಳುತ್ತಿದ್ದರು. ಅರೆಕಾಲಿಕ ಕೌನ್ಸಿಲ್ ಸದಸ್ಯರು ವರ್ಷಕ್ಕೆ ಲಕ್ಷ ಡಾಲರಿನ ಹತ್ತಿರ. 2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯುವವರೆಗೆ ಊರಿನವರಿಗೆ ಗೊತ್ತೇ ಇರಲಿಲ್ಲ. ಇದಕ್ಕೆ ದಾರಿಯಾದದ್ದು 2005ರ ಒಂದು ವಿಶೇಷ ಮತದಾನ. ಆಡಳಿತದ ಚೌಕಟ್ಟನ್ನೇ ಬದಲಿಸುವ ಆ ಮತದಾನಕ್ಕೆ ಬಂದವರು ಸುಮಾರು 400 ಜನ. ಸುದ್ದಿ ಬಂದ ಮೇಲೆ ಜನ ಬೀದಿಗೆ ಬಂದರು, 'ಬಾಸ್ತಾ' ಎಂಬ ಸಂಘ ಕಟ್ಟಿದರು, 2011ರಲ್ಲಿ ಮತ ಹಾಕಿ ಸದಸ್ಯರನ್ನು ಸ್ಥಾನದಿಂದ ಇಳಿಸಿದರು. ಆಡಳಿತಾಧಿಕಾರಿಗೆ 2014ರಲ್ಲಿ 12 ವರ್ಷ ಜೈಲು ಶಿಕ್ಷೆಯಾಯಿತು. ಹಣ ಹೋಗಿದ್ದು ಗುಟ್ಟಾಗಿ ಕದ್ದಲ್ಲ. ಬಹಳಷ್ಟು ಸಭೆಯಲ್ಲೇ, ಯಾರೂ ಬಂದು ಕೂರದ ಸಭೆಯಲ್ಲಿ.

ಅದಕ್ಕೇ ಹೇಳುವುದು, ನಿಮ್ಮ ಪುರಸಭೆಯ ಸಾಮಾನ್ಯ ಸಭೆಗೆ ಇಬ್ಬರಾದರೂ ಹೋಗಿ ಕೂರುವ ರೂಢಿ ಮಾಡಿ. ಮುಖ್ಯಾಧಿಕಾರಿಗೆ ಮೊದಲೇ ಪತ್ರ ಕೊಟ್ಟು ಕೇಳಿ. ಮಾತಾಡುವುದು ಬೇಡ, ಬರೆದುಕೊಳ್ಳಿ ಸಾಕು. ಕಾರ್ಯಸೂಚಿಯ ಕೊನೆಯಲ್ಲಿ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು' ಎಂದು ಇರುತ್ತದೆ. ಎಲ್ಲರೂ ಊಟದ ಕಡೆ ನೋಡುವ ಹೊತ್ತು ಅದು. ಮೊದಲೇ ಯಾರಿಗೂ ಗೊತ್ತಿರದ ದೊಡ್ಡ ವಿಷಯಗಳು ಆಗ ಪಾಸಾಗುವುದುಂಟು. ಇನ್ನೊಂದು ಪದ 'ಘಟನೋತ್ತರ ಅನುಮೋದನೆ'. ಕೆಲಸ ಆಗಿದೆ, ಖರ್ಚೂ ಆಗಿದೆ, ಈಗ ಒಪ್ಪಿಗೆ ಕೊಡಿ ಎಂದರ್ಥ. ನೆರೆ, ಪೈಪು ಒಡೆದದ್ದು ಇಂಥ ತುರ್ತಿಗೆ ಇದು ಸರಿ. ತಿಂಗಳು ತಿಂಗಳೂ ಬರುತ್ತಿದ್ದರೆ ಪ್ರತಿಯೊಂದನ್ನೂ ಗುರುತು ಹಾಕಿಕೊಳ್ಳಿ. ಸಭೆಯ ನಡಾವಳಿ ಪ್ರತಿ ಕೇಳಿ ಪಡೆದು ನಿಮ್ಮ ಟಿಪ್ಪಣಿಯ ಜೊತೆ ಹೋಲಿಸಿ. ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿ ಒಬ್ಬರೇ ಇರುವ ಅವಧಿಯಲ್ಲಂತೂ ಈ ಕೆಲಸ ಇನ್ನೂ ಮುಖ್ಯ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಕಳೆದು, ಪಾಲಿಕೆಯೇ ಐದು ಭಾಗವಾಗುವ ಹೊತ್ತಿಗೂ ಹೊಸ ಸದಸ್ಯರಿರಲಿಲ್ಲ.

ಬಜೆಟ್‌ಗೆ ಮುಂಚೆ ಪೂರ್ವಭಾವಿ ಸಭೆ ಕರೆಯುತ್ತಾರೆ. ಬಹಳ ಊರುಗಳಲ್ಲಿ ಅಲ್ಲಿಗೆ ಬರುವವರು ಬೆರಳೆಣಿಕೆ. ಬಂದವರು ನಮ್ಮ ಬೀದಿಗೆ ಲೈಟು ಹಾಕಿ ಎಂದು ಹೇಳಿ ಚಹಾ ಕುಡಿದು ಹೋಗುತ್ತಾರೆ. ನೀವು ಹೋಗುವಾಗ ಕಳೆದ ವರ್ಷದ ಬಜೆಟ್ ಕೈಯಲ್ಲಿರಲಿ. ಪಾರ್ಕಿಗೆ ಇಟ್ಟ ಹಣದಲ್ಲಿ ಎಷ್ಟು ಖರ್ಚಾಯಿತು, ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳಿ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ನಿಮ್ಮಂಥ ಊರುಗಳಿಗೆ ಶೇ. 60ರಷ್ಟು ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಮೀಸಲಾಗಿತ್ತು. ಅದರಲ್ಲಿ ನಿಮ್ಮ ಊರಿಗೆ ಏನಾಯಿತು ಎಂಬುದು ಒಂದು ವರ್ಷವಿಡೀ ಕೂತು ಬಿಡಿಸಬಹುದಾದ ಪ್ರಶ್ನೆ.

ನಾನು ಆಡಿಟ್‌ನವನಾದ್ದರಿಂದ ಇದನ್ನು ಬಿಡಲಾರೆ. ಪುರಸಭೆಗಳ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ತಪಾಸಣೆ ಮಾಡುತ್ತದೆ. ವರದಿಯಲ್ಲಿ ಎರಡು ಮೊತ್ತ ನೋಡಿ, ಆಕ್ಷೇಪಣೆಯಲ್ಲಿಟ್ಟದ್ದು ಮತ್ತು ವಸೂಲಾತಿಗೆ ಸೂಚಿಸಿದ್ದು. ಆಕ್ಷೇಪಣೆ ಅಂದರೆ ಕಾಗದ ಸರಿಯಿಲ್ಲ, ವಿವರ ಕೊಡಿ. ಅದನ್ನೇ ಲೂಟಿ ಎಂದು ಕೂಗಬಾರದು. ವಸೂಲಾತಿ ಅಂದರೆ ಈ ಹಣ ವಾಪಸು ಬರಬೇಕು. ನಾವು ಎಷ್ಟು ಶ್ರಮಪಟ್ಟು ಬರೆಯುತ್ತಿದ್ದೆವು. ಮಾರನೇ ವರ್ಷ ಹೋದರೆ ಅದೇ ಪ್ಯಾರಾ, ಅದೇ ಉತ್ತರ, 'ಪರಿಶೀಲಿಸಿ ಕ್ರಮ ವಹಿಸಲಾಗುವುದು'. ವರದಿ ಕೇಳುವವರು ಊರಿನಲ್ಲಿ ಒಬ್ಬರೂ ಇರುತ್ತಿರಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದ ನೋವು. ಮೂರು ವರ್ಷದ ಆಡಿಟ್ ವರದಿ, ಅದಕ್ಕೆ ಪುರಸಭೆ ಕೊಟ್ಟ ಅನುಪಾಲನಾ ವರದಿ ಪಡೆಯಿರಿ. ಅರ್ಧ ಕೆಲಸ ಆಗಲೇ ಆಗಿರುತ್ತದೆ, ನೀವು ಮುಂದುವರಿಸಿದರೆ ಸಾಕು.

ಟೆಂಡರ್ ವಿಷಯದಲ್ಲಿ ತುಂಡು ಗುತ್ತಿಗೆ ಮೇಲೆ ಕಣ್ಣಿಡಿ. ಒಂದೇ ರಸ್ತೆಯನ್ನು ನಾಲ್ಕು ತುಂಡು ಮಾಡಿ ನಾಲ್ಕು ಸಣ್ಣ ಕಾಮಗಾರಿ ಎಂದು ತೋರಿಸಿ ಟೆಂಡರ್ ತಪ್ಪಿಸುವುದು ಹಳೆಯ ದಾರಿ. ಟೆಂಡರಿಗೆ 1999ರ ಪಾರದರ್ಶಕತೆ ಕಾಯ್ದೆಯೇ ಇದೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಲಾಗ್ ಬುಕ್ ನೋಡಿ. ದಿನಕ್ಕೆ ಎಷ್ಟು ಟ್ರಿಪ್ ಎಂದು ಬರೆದಿದೆ, ನಿಮ್ಮ ಬೀದಿಗೆ ಎಷ್ಟು ಬಂತು ಎಂಬುದನ್ನು ನೀರು ಹಿಡಿಯುವ ಹೆಂಗಸರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಒಂದು ತಿಂಗಳು ಅವರು ಕ್ಯಾಲೆಂಡರಿನಲ್ಲಿ ಗೀಟು ಹಾಕಿದರೆ ಅದೇ ಸಾಕ್ಷಿ.

ಗುಂಪಿನ ಬಗ್ಗೆ ಕೊನೆಯ ಮಾತುಗಳು. ನೋಂದಣಿಗೆ ಅವಸರ ಬೇಡ. ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸಾಕು, ಯಾವಾಗ ಬೇಕಾದರೂ ಮಾಡಿಸಬಹುದು. ಪುರಸಭೆಯ ಗುತ್ತಿಗೆ ಮಾಡುವವರು ಗುಂಪಿನಲ್ಲಿ ಬೇಡ. ಮುಂದಿನ ಚುನಾವಣೆಗೆ ನಿಲ್ಲುವ ಆಸೆ ಇರುವವರು ಮೊದಲೇ ಹೇಳಿ ಹೊರಗೆ ನಿಲ್ಲಲಿ. ಮಾಹಿತಿ ಹಕ್ಕಿನ ಹೆಸರಿನಲ್ಲಿ ಕಂಟ್ರಾಕ್ಟರುಗಳಿಂದ ಹಣ ಕೀಳುವವರು ಎಲ್ಲ ಊರಲ್ಲೂ ಒಬ್ಬಿಬ್ಬರು ಇದ್ದಾರೆ. ಜನ ನಿಮ್ಮನ್ನೂ ಹಾಗೇ ನೋಡುತ್ತಾರೆ, ಮೊದಮೊದಲು. ಅದಕ್ಕೆ ನಿಮ್ಮ ಜೆರಾಕ್ಸು, ಅಂಚೆ, ಚಹಾದ ಲೆಕ್ಕವನ್ನೂ ತಿಂಗಳಿಗೊಮ್ಮೆ ಗೋಡೆಗೆ ಅಂಟಿಸಿ. ನಾನು ಹೇಳಿದ ಆ ಊರಿನವರು ಗ್ರಂಥಾಲಯದ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಎರಡು ರೂಪಾಯಿ ವ್ಯತ್ಯಾಸ ಬಂದರೂ ಯಾರಾದರೂ ಕೇಳುತ್ತಿದ್ದರು, ಅವರು ಉತ್ತರ ಬರೆದು ಅಂಟಿಸುತ್ತಿದ್ದರು.

ಸುರಕ್ಷತೆಯನ್ನು ಹಗುರ ಮಾಡಬೇಡಿ. ನಮ್ಮ ದೇಶದಲ್ಲಿ ಮಾಹಿತಿ ಕೇಳಿದ್ದಕ್ಕೆ ಜೀವ ಕಳೆದುಕೊಂಡವರಿದ್ದಾರೆ. ಅರ್ಜಿಗಳು ಒಬ್ಬರ ಹೆಸರಿನಲ್ಲೇ ಹೋಗದಿರಲಿ, ಸರದಿಯಂತೆ ಹಾಕಿ. ಅಳತೆಗೆ ನಾಲ್ಕು ಜನ, ಹಗಲು ಹೊತ್ತಿನಲ್ಲಿ. ಸಿಕ್ಕ ದಾಖಲೆಯ ಪ್ರತಿ ಅದೇ ದಿನ ಮೂರು ಮನೆಯಲ್ಲಿರಲಿ. ಬೆದರಿಕೆ ಬಂದರೆ ಮುಚ್ಚಿಡದೆ ಪೊಲೀಸರಿಗೆ ಬರವಣಿಗೆಯಲ್ಲಿ ಕೊಡಿ. ನಿಜಕ್ಕೂ ದೊಡ್ಡ ಅಕ್ರಮ ಕಂಡರೆ ಲೋಕಾಯುಕ್ತಕ್ಕೆ ನಿಗದಿತ ನಮೂನೆ ಮತ್ತು ಪ್ರಮಾಣಪತ್ರದ ಜೊತೆ ದೂರು ಕೊಡಬಹುದು. ನಿಮ್ಮ ವಕೀಲರ ನೆರವು ಬೇಕಾಗುವುದು ಆಗ. ಅದಕ್ಕೂ ಮುಂಚೆ ಮುಖ್ಯಾಧಿಕಾರಿ, ಆಮೇಲೆ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರು. ಮೆಟ್ಟಿಲು ಹಾರಬೇಡಿ, ಪ್ರತಿ ಮೆಟ್ಟಿಲಲ್ಲೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಹಳ್ಳಿಗಳಲ್ಲಿ ಜಮಾಬಂದಿ ಇದೆ, ನಿಮ್ಮ ಸುತ್ತಲಿನ ಗ್ರಾಮ ಪಂಚಾಯಿತಿಗಳಲ್ಲಿ ನೋಡಿರಬಹುದು. ವರ್ಷಕ್ಕೊಮ್ಮೆ ಪಂಚಾಯಿತಿ ತನ್ನ ಜಮಾ ಖರ್ಚನ್ನು ಜನರ ಮುಂದೆ ಇಡಬೇಕು, ಕಾಮಗಾರಿಗಳನ್ನು ಸ್ಥಳಕ್ಕೆ ಹೋಗಿ ನೋಡಬೇಕು. ಕೆಲವು ಕಡೆ ಕಾಟಾಚಾರಕ್ಕೆ ನಡೆಯುತ್ತದೆ, ಚೆನ್ನಾಗಿ ನಡೆಯುವ ಕಡೆಯೂ ಇದೆ. ಪಟ್ಟಣದಲ್ಲಿರುವ ನಮಗೆ ಆ ರೂಢಿ ಬೆಳೆದಿಲ್ಲ. ಹತ್ತಿರದ ಪಂಚಾಯಿತಿಯ ಮುಂದಿನ ಜಮಾಬಂದಿಗೆ ನಿಮ್ಮಲ್ಲಿ ಇಬ್ಬರು ಹೋಗಿ ನೋಡಿ ಬನ್ನಿ. ಪಟ್ಟಿ ಹೇಗೆ ಓದುತ್ತಾರೆ, ಜನ ಹೇಗೆ ಕೇಳುತ್ತಾರೆ ಅಂತ ತಿಳಿಯುತ್ತದೆ.

ಈ ವಾರವೇ ಅರ್ಜಿ ಹಾಕಿ. ಎರಡು ವರ್ಷದ ಎರಡೂ ಚರಂಡಿ ಕಾಮಗಾರಿಗೆ ಬೇರೆ ಬೇರೆ ಅರ್ಜಿ, ಬೇರೆ ಬೇರೆಯವರ ಹೆಸರಿನಲ್ಲಿ. ಕಾಗದ ಬರುವವರೆಗೆ ಮೂವತ್ತು ಮೀಟರಿನ ಟೇಪು ಕೊಂಡು ಬೀದಿ ಅಳೆದು ಬರೆದಿಡಿ. ಪಕ್ಕದ ಓಣಿಗಳನ್ನು ಮರೆಯಬೇಡಿ. ಎಂ.ಬಿ. ಪುಟಗಳು ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ. ಅದನ್ನು ಸಾಲು ಸಾಲಾಗಿ ಓದುವುದು ಹೇಗೆ ಎಂದು ಆಗ ಹೇಳುತ್ತೇನೆ.